ಗಂಟೆ ಹೊಡೆದಾಗ ಮಾಡ್ಯೂಲ್ ನೆಟ್‌ವರ್ಕ್ ಹಿಡಿಯುವುದಿಲ್ಲ, ಪಕ್ಕದ ಫೋನ್‌ಗೆ ಫುಲ್ ಸಿಗ್ನಲ್

ಮೀಟರ್_ಮರಿ
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನೀರಿನ ಮೀಟರ್‌ಗೆ 4ಜಿ ಕ್ಯಾಟ್ 1 (ಕಡಿಮೆ ವೇಗದ ಬಗೆ) ಮಾಡ್ಯೂಲ್, ಅಂದರೆ ಸಿಮ್ ಮೂಲಕ ಡೇಟಾ ಕಳಿಸುವ ಭಾಗ, ಹಾಕಿದ್ದೇವೆ. ಗಂಟೆಗೊಮ್ಮೆ ರೀಡಿಂಗ್ ಕಳಿಸಬೇಕು, ಅಷ್ಟೇ ಕೆಲಸ. ಮೇಜಿನ ಮೇಲಿಟ್ಟರೆ ಒಂದು ಸಲವೂ ತಪ್ಪುವುದಿಲ್ಲ. ಕಟ್ಟಡದಲ್ಲಿ ಕೂರಿಸಿದ ಮೇಲೆ ಅರ್ಧಕ್ಕರ್ಧ ರೀಡಿಂಗ್ ಸರ್ವರ್‌ಗೆ ಬರುತ್ತಲೇ ಇಲ್ಲ. ಸಿಎಸ್‌ಕ್ಯೂ (ಸಿಗ್ನಲ್ ಬಲದ ಅಂಕ, 31 ಗರಿಷ್ಠ) 22 ಇದೆ. ಅದೇ ನೆಟ್‌ವರ್ಕಿನ ಸಿಮ್ ಇರುವ ನನ್ನ ಫೋನ್‌ನಲ್ಲಿ ವಿಡಿಯೋ ಸಲೀಸಾಗಿ ಓಡುತ್ತದೆ. ಸಿಮ್ ಬದಲಿಸಿದೆ, ಆಂಟೆನಾ ಬದಲಿಸಿದೆ, ಎಪಿಎನ್ (ಇಂಟರ್ನೆಟ್ ಸೆಟ್ಟಿಂಗ್) ಮೂರು ಸಲ ನೋಡಿದೆ. ದಾರಿ ತೋರಿಸಿ.

ಬೆಸುಗೆ_ಬಂಧು
ಪವರ್ ಸರ್. ಮಾಡ್ಯೂಲ್ ಟ್ರಾನ್ಸ್‌ಮಿಟ್ ಮಾಡುವ ಕ್ಷಣಕ್ಕೆ 2 ಆಂಪಿಯರ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಪಿನ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ.

ತರಂಗ_7
ಆ 2 ಆಂಪಿಯರ್ ಲೆಕ್ಕ 2ಜಿ ಕಾಲದ್ದು. ಅಲ್ಲಿ 33 ಡಿಬಿಎಂ, ಅಂದರೆ 2 ವ್ಯಾಟ್. 4ಜಿಯಲ್ಲಿ 23 ಡಿಬಿಎಂ, 200 ಮಿಲಿವ್ಯಾಟ್ ಅಷ್ಟೇ.

ಬೆಸುಗೆ_ಬಂಧು
ಮಾಡ್ಯೂಲ್ 2ಜಿಗೆ ಇಳಿದರೆ? ಹತ್ತು ವರ್ಷದಿಂದ ಬೋರ್ಡ್ ಮಾಡುತ್ತಿದ್ದೇನೆ, ಇಂಥ ಹತ್ತು ಕೇಸಿನಲ್ಲಿ ಎಂಟು ಪವರ್‌ದೇ. ವೋಲ್ಟೇಜ್ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹಾಕಿ ತೋರಿಸಲಿ, ಆಮೇಲೆ ಮಾತಾಡೋಣ.

ಲೋರಾ_ಪ್ರಿಯೆ
ಇದಕ್ಕೆ ಸಿಮ್ ಯಾಕೆ ಬೇಕಿತ್ತು? ನನ್ನದು ಸಿಮ್ ಬೇಡದ ಲೋರಾ ರೇಡಿಯೋ, ಟೆರೇಸ್ ಮೇಲೆ ಒಂದೇ ಗೇಟ್‌ವೇ, ಕೆಳಗೆ 90 ಸೆನ್ಸರ್, ಎರಡು ವರ್ಷದಿಂದ ಬ್ಯಾಟರಿ ಮುಟ್ಟಿಲ್ಲ.

ಮೀಟರ್_ಮರಿ
ಮೇಡಂ, 640 ಮೀಟರ್ ಆಗಲೇ ಕೂರಿಸಿ ಆಗಿದೆ, ಈಗ ಬದಲಿಸಲು ಆಗುವುದಿಲ್ಲ. ಕೆಪಾಸಿಟರ್ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಒಂದು ಮೀಟರಿನ ಲಾಗ್:
10:00:04 ಸಿಇಆರ್‌ಇಜಿ 2 (ನೆಟ್‌ವರ್ಕ್ ಇನ್ನೂ ಹುಡುಕುತ್ತಿದೆ)
10:00:34 ರೀಸೆಟ್
10:01:04 ರೀಸೆಟ್
10:01:34 ರೀಸೆಟ್
ಐದು ಸಲ ರೀಸೆಟ್ ಮಾಡಿ ಕೈಬಿಡುತ್ತದೆ.

ತರಂಗ_7
ನಿಲ್ಲಿ. 640 ಅಂತ ಈಗ ಹೇಳುತ್ತಿದ್ದೀರಿ! ಎಲ್ಲವೂ ಸರಿಯಾಗಿ 10:00ಕ್ಕೇ ಏಳುತ್ತವಾ? ನಡುವೆ ಮಾಡ್ಯೂಲಿನ ಪವರ್ ಪೂರ್ತಿ ಕಟ್ ಮಾಡುತ್ತೀರಾ?

ಮೀಟರ್_ಮರಿ
ಹೌದು, ಎರಡೂ. ಬ್ಯಾಟರಿ ಉಳಿಯಲಿ ಅಂತ ಮಾಸ್‌ಫೆಟ್ ಸ್ವಿಚ್‌ನಿಂದ ಪವರ್ ಕಟ್. ಎಲ್ಲದರ ಗಡಿಯಾರವೂ ಸರ್ವರ್ ಜೊತೆ ಸರಿಹೊಂದಿದೆ. ಅದು ಮುಖ್ಯ ಅನ್ನಿಸಲಿಲ್ಲ.

ತರಂಗ_7
ಅದೇ ಮುಖ್ಯ. ಟವರ್ ಜೊತೆ ಮಾತು ಶುರು ಮಾಡಲು ಫೋನ್ ಆಗಲಿ ಮೀಟರ್ ಆಗಲಿ ಮೊದಲು ಬಾಗಿಲು ತಟ್ಟಬೇಕು. 4ಜಿಯಲ್ಲಿ ಒಂದು ಸೆಲ್‌ಗೆ 64 ಪ್ರಿಯಾಂಬಲ್, ಅಂದರೆ ತಟ್ಟುವ 64 ಬಗೆ. ಹ್ಯಾಂಡೋವರ್‌ಗೆ (ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗುವ ಫೋನ್‌ಗಳಿಗೆ) ಅಂತ ಕೆಲವು ಎತ್ತಿಟ್ಟರೆ ಎಲ್ಲರೂ ಹಂಚಿಕೊಳ್ಳಲು ಉಳಿಯುವುದು ಸಾಮಾನ್ಯವಾಗಿ 54ರ ಆಸುಪಾಸು. ಒಂದೇ ಗಳಿಗೆಯಲ್ಲಿ ಇಬ್ಬರು ಒಂದನ್ನೇ ಆರಿಸಿದರೆ ಡಿಕ್ಕಿ. ದಾಟಿದರೂ ಉತ್ತರ ಕೊಡಲು ಟವರ್‌ಗೆ ಮಿತಿ ಇದೆ. ಪವರ್ ಕಟ್ ಮಾಡಿ ಎಬ್ಬಿಸಿದ್ದರಿಂದ ಪ್ರತಿ ಮೀಟರೂ ಮೊದಲಿನಿಂದ ಅಟ್ಯಾಚ್ ಆಗಬೇಕು, ಅಂದರೆ ನೆಟ್‌ವರ್ಕಿನಲ್ಲಿ ಹೊಸದಾಗಿ ಹೆಸರು ನೋಂದಾಯಿಸಬೇಕು, ಅದರ ಸಿಗ್ನಲಿಂಗ್ ಜಾಸ್ತಿ. ಸೋತವೆಲ್ಲ 30 ಸೆಕೆಂಡ್‌ಗೆ ರೀಸೆಟ್ ಆಗಿ ಮತ್ತೆ ಒಟ್ಟಿಗೇ ಬಂದು ನಿಲ್ಲುತ್ತವೆ. ನಿಮ್ಮ ಫೋನ್ ಆಗಲೇ ಒಳಗಿದೆ, ಅದಕ್ಕೇ ವಿಡಿಯೋ ಓಡುತ್ತಿದೆ. ಹತ್ತು ಗಂಟೆಗೆ ಸರಿಯಾಗಿ ಫೋನ್ ಆಫ್ ಮಾಡಿ ಆನ್ ಮಾಡಿ ನೋಡಿ.

ಬೆಸುಗೆ_ಬಂಧು
ಸಿಎಸ್‌ಕ್ಯೂ 22 ಇದ್ದರೂ ಹೀಗಾಗುತ್ತಾ? ಒಪ್ಪಲಾರೆ.

ತರಂಗ_7
22 ಅಂದರೆ ಮೈನಸ್ 69 ಡಿಬಿಎಂ. ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದಷ್ಟೇ ಅದು. ಬಾಗಿಲಲ್ಲಿ ಎಷ್ಟು ಜನ ಇದ್ದಾರೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ.

ಮೀಟರ್_ಮರಿ
11 ಗಂಟೆಗೆ ಮಾಡಿ ನೋಡಿದೆ. ಫೋನ್‌ಗೂ ನೆಟ್‌ವರ್ಕ್ ಬರಲು ಎರಡು ನಿಮಿಷದ ಮೇಲಾಯಿತು. ಅಲ್ಲಿನ ವಾಚ್‌ಮನ್ "ಗಂಟೆಗೊಮ್ಮೆ ಫೋನ್ ಹತ್ತುವುದಿಲ್ಲ" ಅನ್ನುತ್ತಿದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಜನರ ಕರೆಗೂ ನಮ್ಮಿಂದ ತೊಂದರೆ ಆಗುತ್ತಿದೆ ಅಂದರೆ ಬೇಜಾರಾಗುತ್ತದೆ. ಆದರೆ ಬಿಲ್ಲಿಂಗ್‌ಗೆ ಗಂಟೆಗೆ ಸರಿಯಾದ ರೀಡಿಂಗೇ ಬೇಕಲ್ಲ?

ತರಂಗ_7
ಓದುವುದು 10:00ಕ್ಕೇ ಇರಲಿ, ಆ ಸಮಯವನ್ನೂ ಜೊತೆಗೆ ಬರೆದಿಡಿ. ಕಳಿಸುವುದನ್ನು ಮಾತ್ರ ಹರಡಿ. ಮೀಟರಿಗೆ 0ಯಿಂದ 639ರವರೆಗೆ ನಂಬರ್ ಕೊಟ್ಟು, 3000 ಸೆಕೆಂಡನ್ನು ಹಂಚಿದರೆ ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.7 ಸೆಕೆಂಡ್ ಅಂತರ ಸಿಗುತ್ತದೆ. ಸೋತರೆ 1, 2, 4, 8 ನಿಮಿಷ ಕಾಯಲಿ, ಅದರ ಮೇಲೆ ಒಂದಷ್ಟು ರ‍್ಯಾಂಡಮ್ ಸೆಕೆಂಡ್ ಸೇರಿಸಿ. ಪವರ್ ಕಟ್ ಬಿಟ್ಟು ಪಿಎಸ್‌ಎಂ (ಮಾಡ್ಯೂಲಿನ ವಿದ್ಯುತ್ ಉಳಿಸುವ ನಿದ್ರೆ) ಬಳಸಿ, ಮಲಗಿದರೂ ರಿಜಿಸ್ಟ್ರೇಷನ್ ಉಳಿಯುತ್ತದೆ. ನೆಟ್‌ವರ್ಕ್ ಅದನ್ನು ಒಪ್ಪುತ್ತದಾ ಅಂತ ಮೊದಲು ಒಂದು ಮೀಟರ್‌ನಲ್ಲಿ ನೋಡಿ.

ಲೋರಾ_ಪ್ರಿಯೆ
ಟವರ್ ಕಡೆಯಿಂದಲೇ ಮೀಟರ್‌ಗಳನ್ನು ತಡೆಯಲು ಆಗುವುದಿಲ್ವಾ? ಫೋನಿನವರು ಯಾಕೆ ಕಾಯಬೇಕು?

ತರಂಗ_7
ಆಗುತ್ತದೆ. ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿಯ ರಿಲೀಸ್ 11ರಲ್ಲಿ ಇದಕ್ಕೇ ಇಎಬಿ ಅಂತ ಒಂದು ವ್ಯವಸ್ಥೆ ಬಂತು. ದಟ್ಟಣೆ ಇದ್ದಾಗ ಟವರ್ ಹೇಳಿದರೆ ಆ ಗುರುತಿರುವ ಸಾಧನಗಳು ಮಾತ್ರ ಸುಮ್ನೆ ಕೂರುತ್ತವೆ, ಫೋನ್‌ಗಳು ಹೋಗುತ್ತವೆ. ಆದರೆ ಸಿಮ್‌ನಲ್ಲೋ ಮಾಡ್ಯೂಲ್‌ನಲ್ಲೋ ಆ ಸೆಟ್ಟಿಂಗ್ ಇರಬೇಕು, ಆಪರೇಟರೂ ಅದನ್ನು ಆನ್ ಮಾಡಿರಬೇಕು. ಫರ್ಮ್‌ವೇರ್ ನಿಮ್ಮ ಕೈಯಲ್ಲಿದೆ, ಅಲ್ಲಿಂದ ಶುರು ಮಾಡಿ.

ಮೀಟರ್_ಮರಿ
ನಾಲ್ಕು ದಿನ ಆಯಿತು. ಅಂತರ ಮತ್ತು ಕಾಯುವ ಕೋಡ್ ಮಾತ್ರ ಹಾಕಿದೆ, ಪಿಎಸ್‌ಎಂ ಇನ್ನೂ ಇಲ್ಲ. 640ರಲ್ಲಿ 617 ಪ್ರತಿ ಗಂಟೆ ಬರುತ್ತಿವೆ. ವಾಚ್‌ಮನ್‌ಗೂ ಈಗ ಫೋನ್ ಸಿಗುತ್ತಿದೆಯಂತೆ. ತರಂಗ ಸರ್, ತುಂಬಾ ಥ್ಯಾಂಕ್ಸ್. ಉಳಿದ 23 ಮಾತ್ರ ಹಟ ಹಿಡಿದಿವೆ, ಎಲ್ಲವೂ ಬೇಸ್‌ಮೆಂಟಿನವು, ಸಿಎಸ್‌ಕ್ಯೂ 6, 7.

ಬೆಸುಗೆ_ಬಂಧು
ಅಲ್ಲಿ ಮಾಡ್ಯೂಲ್ ಫುಲ್ ಪವರ್‌ನಲ್ಲಿ ಕೂಗುತ್ತಿರುತ್ತದೆ. ಆ 23ರಲ್ಲಿ ಒಂದಕ್ಕೆ ಸ್ಕೋಪ್ ಹಾಕಿ ಫೋಟೋ ಕಳಿಸಿ ಸರ್.