ಯುಕೆ ಸ್ಟೂಡೆಂಟ್ ವೀಸಾ: ಸೋದರಮಾವ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಇನ್‌ಟೇಕ್ ಹತ್ತಿರ ಬಂತೆಂದರೆ ಈ ಗುಂಪಿನಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. "ಅಕ್ಕನ ಮಗ ಮಾಸ್ಟರ್ಸ್‌ಗೆ ಬರ್ತಿದ್ದಾನೆ. ನಾನು ಇಲ್ಲೇ ಇದ್ದೀನಲ್ಲ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಸಾಕಲ್ವಾ?" ಸಾಕಾಗುವುದಿಲ್ಲ. ಈ ಸಲವೂ ಇಬ್ಬರು ಕೇಳಿದ್ದಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಯುಕೆ ಸ್ಟೂಡೆಂಟ್ ವೀಸಾಕ್ಕೆ, ಫೀಸಿಗೂ ಖರ್ಚಿಗೂ ಸಾಕಾಗುವಷ್ಟಿದೆ ಅಂತ ತೋರಿಸುವ ದುಡ್ಡು ವಿದ್ಯಾರ್ಥಿಯ ಹೆಸರಿನಲ್ಲಿರಬೇಕು. ಇಲ್ಲವೇ ಅಪ್ಪ, ಅಮ್ಮ, ಕಾನೂನಿನ ಪ್ರಕಾರದ ಗಾರ್ಡಿಯನ್ ಅಥವಾ ಗಂಡ-ಹೆಂಡತಿಯ ಹೆಸರಿನಲ್ಲಿರಬೇಕು. ಅಷ್ಟೇ. ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ, ಅಜ್ಜ, ಸ್ವಂತ ಅಣ್ಣ, ಯಾರೂ ಲೆಕ್ಕಕ್ಕಿಲ್ಲ. ಹುಡುಗನನ್ನು ಸಾಕಿ ಬೆಳೆಸಿದ್ದು ಅಜ್ಜನೇ ಆದರೂ ಕೋರ್ಟ್ ಕಾಗದ ಇಲ್ಲದಿದ್ದರೆ ಆಗುವುದಿಲ್ಲ. ನೀವು ಬ್ರಿಟಿಷ್ ಪೌರರಾಗಿರಿ, ನಿಮ್ಮ ಸಂಬಳ ಎಷ್ಟೇ ಇರಲಿ, "ಇವನ ಖರ್ಚೆಲ್ಲ ನನ್ನದು" ಎಂದು ಬರೆದುಕೊಟ್ಟ ಪತ್ರಕ್ಕೆ ಇಲ್ಲಿ ಬೆಲೆ ಇಲ್ಲ.

ಈ ಗೊಂದಲಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಐ-20 (ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಪತ್ರ) ತೆಗೆಯುವಾಗ ಚಿಕ್ಕಪ್ಪನೂ ಸ್ಪಾನ್ಸರ್ ಆಗಬಹುದು. ಜರ್ಮನಿಯಲ್ಲಿರುವ ಸಂಬಂಧಿಕರು ಅಲ್ಲಿನ ಕಚೇರಿಗೆ ಹೋಗಿ ಖರ್ಚಿನ ಹೊಣೆ ಬರೆದುಕೊಡಬಹುದು. ಆ ದೇಶಗಳ ಕಥೆ ಕೇಳಿದವರು ಇಲ್ಲಿಯೂ ಹಾಗೇ ಅಂದುಕೊಳ್ಳುತ್ತಾರೆ.

ಇನ್ನೊಂದು ಪ್ರಶ್ನೆ: "ನಮ್ಮ ಮನೆಯಲ್ಲೇ ಇರ್ತಾನೆ, ಊಟ ವಸತಿ ಎಲ್ಲ ನಮ್ದೇ. ಆಗ ಕಡಿಮೆ ತೋರಿಸಬಹುದಾ?" ಇಲ್ಲ. ವಸತಿಗೆ ಅಂತ ಕಳೆಯಲು ಬಿಡುವುದು ಯೂನಿವರ್ಸಿಟಿಯ ಹಾಸ್ಟೆಲ್ಲಿಗೆ ಮೊದಲೇ ಕಟ್ಟಿದ ದುಡ್ಡನ್ನು ಮಾತ್ರ, ಅದಕ್ಕೂ 1,529 ಪೌಂಡಿನ ಮಿತಿ ಇದೆ. ಮಾವನ ಮನೆಯ ರೂಮಿಗೆ ಒಂದು ಪೌಂಡೂ ಕಳೆಯುವುದಿಲ್ಲ.

ಈಗ ಲೆಕ್ಕ. 2025ರ ನವೆಂಬರ್ 11ರಿಂದ ಬಂದಿರುವ ದರದಲ್ಲಿ ಜೀವನ ಖರ್ಚಿಗೆ ಅಂತ ಲಂಡನ್ ಒಳಗೆ ಓದುವವರಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ ಓದುವವರಿಗೆ 1,171. ಹೆಚ್ಚೆಂದರೆ ಒಂಬತ್ತು ತಿಂಗಳಿಗೆ ತೋರಿಸಬೇಕು, ಅಂದರೆ ಲಂಡನ್ನಿಗೆ 13,761, ಹೊರಗೆ 10,539. ಇದರ ಮೇಲೆ ಮೊದಲ ವರ್ಷದ ಫೀಸಿನಲ್ಲಿ ಇನ್ನೂ ಕಟ್ಟಬೇಕಾಗಿರುವ ಬಾಕಿ. ಉದಾಹರಣೆಗೆ ಫೀಸು 18,000, ಅದರಲ್ಲಿ 6,000 ಕಟ್ಟಿ ಆಗಿದೆ ಅನ್ನಿ. ಲಂಡನ್ ಹೊರಗಾದರೆ 12,000 ಮತ್ತು 10,539 ಸೇರಿ 22,539 ಪೌಂಡ್ ಬೇಕು. ಇಲ್ಲಿ ನೋಡುವುದು ಹುಡುಗ ಎಲ್ಲಿ ಓದುತ್ತಾನೆ ಅಂತ, ಎಲ್ಲಿ ಮಲಗುತ್ತಾನೆ ಅಂತಲ್ಲ. ಲಂಡನ್ ಹೊರಗಿನ ಸ್ಲೌನಲ್ಲಿ ನಿಮ್ಮ ಮನೆಯಲ್ಲಿದ್ದು ಲಂಡನ್ ಕಾಲೇಜಿಗೆ ಹೋದರೆ ಲಂಡನ್ ದರ. ಲಂಡನ್ ಒಳಗಿನ ಹ್ಯಾರೋದಲ್ಲಿದ್ದು ಹೊರಗಿನ ಹ್ಯಾಟ್‌ಫೀಲ್ಡಿಗೆ ಓದಲು ಹೋದರೆ ಹೊರಗಿನ ದರ. ಪಾರ್ಟ್ ಟೈಮ್ ಕೆಲಸ ಮಾಡಿ ತುಂಬಿಸುತ್ತೇನೆ ಅನ್ನುವುದಂತೂ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಮಾವ ಸಹಾಯ ಮಾಡುವುದು ಹೇಗೆ? ದುಡ್ಡನ್ನೇ ಕಳಿಸಬೇಕು. ಸ್ಟೇಟ್‌ಮೆಂಟ್ ಅಲ್ಲ, ದುಡ್ಡು. ಅಳಿಯನ ಖಾತೆಗೋ ಅಕ್ಕ-ಭಾವನ ಖಾತೆಗೋ ಹೋಗಿ ಕೂತ ಮೇಲೆ ಅದು ಅವರದು. ಭಾರತದಲ್ಲಿ ಸೋದರಮಾವ ಕೊಟ್ಟ ಗಿಫ್ಟಿಗೆ ಅಳಿಯ ಆದಾಯ ತೆರಿಗೆ ಕಟ್ಟಬೇಕಿಲ್ಲ. ತಾಯಿ ತಂದೆಯರ ಒಡಹುಟ್ಟಿದವರು ಆ ವಿನಾಯಿತಿಯ ಪಟ್ಟಿಯಲ್ಲಿದ್ದಾರೆ. ಆದರೂ ಒಂದು ಗಿಫ್ಟ್ ಪತ್ರ ಬರೆದಿಟ್ಟುಕೊಳ್ಳಿ, ನಾಳೆ ಯಾರಾದರೂ ಕೇಳಿದರೆ ಇರಲಿ.

ನನ್ನ ಅಭಿಪ್ರಾಯ ಕೇಳಿದರೆ, ಕಳಿಸುವ ಮೊದಲು ಇದು ಗಿಫ್ಟೋ ಸಾಲವೋ ಅನ್ನುವುದನ್ನು ಅಕ್ಕ-ಭಾವನ ಜೊತೆ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕೊಡುವವರು "ವೀಸಾ ಬಂದ ಮೇಲೆ ವಾಪಸ್ ಬರುತ್ತೆ" ಅಂದುಕೊಂಡಿರುತ್ತಾರೆ, ತೆಗೆದುಕೊಂಡವರು ಅದರಲ್ಲೇ ಎರಡನೇ ಕಂತಿನ ಫೀಸು ಕಟ್ಟಿರುತ್ತಾರೆ. ಆಮೇಲೆ ಮದುವೆ-ಮುಂಜಿಯಲ್ಲಿ ಮುಖ ತಿರುಗಿಸಿಕೊಂಡು ಕೂರುವುದು. ಅದಕ್ಕಿಂತ ಮೊದಲೇ ಸ್ವಲ್ಪ ಮುಜುಗರ ಪಡುವುದು ವಾಸಿ.

ಕಳಿಸುವುದಾದರೆ ಬೇಗ ಕಳಿಸಿ. ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು. ಅಷ್ಟೂ ದಿನ ಬ್ಯಾಲೆನ್ಸ್ ಬೇಕಾದ ಮೊತ್ತಕ್ಕಿಂತ ಒಂದು ದಿನವೂ ಕೆಳಗಿಳಿಯಬಾರದು. ಆ 28 ದಿನ ಮುಗಿದ ತಾರೀಖು ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು. ಎಡವುವುದು ಇಲ್ಲೇ. ಇಪ್ಪತ್ತನೇ ದಿನ ಅಪ್ಪ ಮರೆತು ಇನ್ಶೂರೆನ್ಸ್ ಕಂತು ಕಟ್ಟಿದರೆ, ಅಥವಾ ಮನೆ ಸಾಲದ ಇಎಂಐ ಅದೇ ಖಾತೆಯಿಂದ ಹೋಗುತ್ತಿದ್ದರೆ, ಎಣಿಕೆ ಮತ್ತೆ ಒಂದರಿಂದ ಶುರು. ಆದ್ದರಿಂದ ದಿನಬಳಕೆಯ ಖಾತೆ ಬೇಡ, ಇದಕ್ಕೆ ಅಂತಲೇ ಒಂದು ಖಾತೆ ಇಡಿ, ಅದರ ಯುಪಿಐ ಕೂಡ ಬೇಡ. ಮೊತ್ತವನ್ನೂ ಸ್ವಲ್ಪ ಜಾಸ್ತಿಯೇ ಇಡಿ. ರೂಪಾಯಿಯನ್ನು ಪೌಂಡಿಗೆ ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನ ಒವಾಂಡಾ ಅನ್ನುವ ವಿನಿಮಯ ದರದ ವೆಬ್‌ಸೈಟಿನಲ್ಲಿರುವ ದರದಲ್ಲಿ, ನೀವು ಕಳಿಸಿದ ದಿನದ್ದರಲ್ಲಲ್ಲ.

ಸೈಟು, ತೋಟ, ಚಿನ್ನ, ಷೇರು, ಮ್ಯೂಚುವಲ್ ಫಂಡ್, ಪಿಎಫ್, ಇವು ಯಾವುವೂ ನಡೆಯುವುದಿಲ್ಲ. ಆಸ್ತಿ ಮೌಲ್ಯದ ಸರ್ಟಿಫಿಕೇಟಿಗೆ ಅಂತ ಆಡಿಟರ್‌ಗೆ ದುಡ್ಡು ಸುರಿಯುವವರನ್ನು ಕಂಡರೆ ಬೇಜಾರಾಗುತ್ತದೆ. ಬೇಕಾಗಿರುವುದು ತಕ್ಷಣ ಕೈಗೆ ಸಿಗುವ ನಗದು. ಊರಿನ ಸಹಕಾರ ಸಂಘದಲ್ಲಿ ಡಿಪಾಸಿಟ್ ಇಟ್ಟವರು ಅದನ್ನು ಮೊದಲೇ ದೊಡ್ಡ ಬ್ಯಾಂಕಿಗೆ ತಂದುಬಿಡಿ. ಸರಿಯಾದ ನಿಯಂತ್ರಣದಲ್ಲಿ ಇಲ್ಲದ, ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡದ ಸಂಸ್ಥೆಯ ಕಾಗದವನ್ನು ವೀಸಾ ಕಚೇರಿಯವರು ಒಪ್ಪುವುದಿಲ್ಲ.

ಅಪ್ಪ ಅಮ್ಮನ ಖಾತೆ ತೋರಿಸುವುದಾದರೆ ಹುಡುಗನ ಜನನ ಪ್ರಮಾಣಪತ್ರ ಬೇಕು, ಈ ದುಡ್ಡನ್ನು ಮಗನ ಓದಿಗೆ ಬಳಸಲು ನಮ್ಮ ಒಪ್ಪಿಗೆ ಇದೆ ಎಂಬ ಪತ್ರವೂ ಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಇದೆ ಅಂದರೆ ಆಗುವುದಿಲ್ಲ. ಕಾಗದ ಕನ್ನಡದಲ್ಲಿ ಮಾತ್ರ ಇದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿರಲಿ. ನಮ್ಮವರ ಇನಿಶಿಯಲ್ ತಾಪತ್ರಯ ಬೇರೆ. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಬ್ಯಾಂಕಿನಲ್ಲಿ ಹಿಂದೆ ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಉದ್ದಕ್ಕೆ. ಮೂವರೂ ಒಬ್ಬರೇ ಎಂದು ಒಂದು ಅಫಿಡವಿಟ್ ಮಾಡಿಸಿಟ್ಟರೆ ತಲೆನೋವು ಕಡಿಮೆ.

ಎಜುಕೇಶನ್ ಲೋನ್ ಸಿಗುವವರಿಗೆ ಈ 28 ದಿನದ ಕಾಟ ಇಲ್ಲ. ಲೋನ್ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಪತ್ರ ಆರು ತಿಂಗಳ ಒಳಗಿನದಾಗಿರಬೇಕು, ಹುಡುಗ ಹೊರಡುವ ಮೊದಲು ದುಡ್ಡು ಸಿಗುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಅರ್ಧ ಲೋನ್, ಅರ್ಧ ಅಪ್ಪನ ಖಾತೆ ಅಂತಲೂ ತೋರಿಸಬಹುದು. ಮಾವನ ಜೇಬಿಗೆ ಕೈ ಹಾಕುವ ಮೊದಲು ಈ ದಾರಿ ನೋಡಿ ಅಂತ ನಾನು ಹೇಳುವುದು.

ಇನ್ನು ಒಂದು ವಿಷಯಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಕಮಿಷನ್ ತೆಗೆದುಕೊಂಡು ಒಂದು ತಿಂಗಳ ಮಟ್ಟಿಗೆ ಖಾತೆಗೆ ದುಡ್ಡು ಹಾಕಿ ತೋರಿಸುತ್ತೇವೆ, ಸ್ಟೇಟ್‌ಮೆಂಟ್ ನಾವೇ ಮಾಡಿಕೊಡುತ್ತೇವೆ ಅನ್ನುವ ಏಜೆಂಟರು ಇದ್ದಾರೆ. ವೀಸಾ ಕಚೇರಿಯವರು ನೇರವಾಗಿ ಬ್ಯಾಂಕನ್ನೇ ಕೇಳಿ ಪರಿಶೀಲಿಸಬಹುದು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಈ ವೀಸಾ ಹೋಗುವುದಷ್ಟೇ ಅಲ್ಲ, ಮುಂದಿನ ಹತ್ತು ವರ್ಷ ಹಾಕುವ ಅರ್ಜಿಗಳೂ ತಿರಸ್ಕಾರವಾಗಬಹುದು. ಏಜೆಂಟ್ ಕಮಿಷನ್ ಎಣಿಸಿಕೊಂಡು ಮುಂದಿನ ಗಿರಾಕಿ ಹುಡುಕುತ್ತಾನೆ, ಸಿಕ್ಕಿಹಾಕಿಕೊಳ್ಳುವುದು ಹುಡುಗ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಅಂತ ಕಟ್ಟುವ ಐಎಚ್‌ಎಸ್ ಶುಲ್ಕ ವರ್ಷಕ್ಕೆ 776 ಪೌಂಡ್, ಅದು ಮೇಲಿನ ಮೊತ್ತದಲ್ಲಿ ಸೇರಿಲ್ಲ. ವೀಸಾ ಫೀಸೂ ಹಾಗೇ. ಇವೆರಡನ್ನೂ ಬೇರೆ ಖಾತೆಯಿಂದ ಕಟ್ಟಿ.

ಪ್ರಶ್ನೆ ಕೇಳಿದ್ದ ಇಬ್ಬರಿಗೂ: ನಿಮ್ಮ ಹುಡುಗರ ಕ್ಯಾಸ್ ಪತ್ರದಲ್ಲಿ (ಸೀಟು ಖಚಿತ ಅಂತ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪತ್ರ) ಇಲ್ಲಿಯತನಕ ಕಟ್ಟಿದ ಫೀಸು ಸರಿಯಾಗಿ ನಮೂದಾಗಿದೆಯಾ ನೋಡಿಸಿ. ಕ್ಯಾಸ್ ಬಂದ ಮೇಲೆ ಮತ್ತೆ ಕಟ್ಟಿದ್ದರೆ ಅದನ್ನೂ ಸೇರಿಸಲು ಯೂನಿವರ್ಸಿಟಿಗೆ ಮೇಲ್ ಹಾಕಲಿ, ರಸೀದಿಯನ್ನೂ ಇಟ್ಟುಕೊಳ್ಳಲಿ. ಬಾಕಿ ಎಷ್ಟು, ಯಾವ ಊರಿನ ಕಾಲೇಜು, ಇಷ್ಟು ಬರೆದರೆ ಲೆಕ್ಕ ಹಾಕಿಕೊಡುತ್ತೇನೆ. ಖಾತೆ ನಂಬರ್, ಪಾಸ್‌ಪೋರ್ಟ್ ಫೋಟೋ ಎಲ್ಲ ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.