ಎಐ ಸಂಗೀತ, ಸೌಂಡ್ ಎಫೆಕ್ಟ್ ಮಾರೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಸುನೋ (Suno) ಅನ್ನೋ ಎಐ ಸಂಗೀತ ಆ್ಯಪ್‌ನಲ್ಲಿ ಟ್ಯೂನ್ ಮಾಡುತ್ತಿದ್ದೇನೆ. ಜೊತೆಗೆ ಬೇರೆ ಎಐನಲ್ಲಿ ಸೌಂಡ್ ಎಫೆಕ್ಟ್: ತಗಡಿನ ಶೀಟ್ ಮೇಲೆ ಬೀಳುವ ಮಳೆ, ಬಾವಿ ರಾಟೆಯ ಕಿರ್‌ಕಿರ್. ರಾಟೆ ಸದ್ದು ಮಾತ್ರ ಸರಿ ಬರಲೇ ಇಲ್ಲ. ಕೊನೆಗೆ ಅಜ್ಜಿ ಮನೆ ಬಾವಿಯ ಹತ್ತಿರ ನಿಂತು ಮೊಬೈಲಲ್ಲೇ ರೆಕಾರ್ಡ್ ಮಾಡಿ ಬೆರೆಸಿದೆ.

ಮೊದಲ 40 ಟ್ಯೂನ್ ಉಚಿತ ಪ್ಲಾನ್‌ನಲ್ಲಿ ಮಾಡಿದ್ದು. ಅವನ್ನು ಮಾರುವಂತಿಲ್ಲ, ಆಮೇಲೆ ದುಡ್ಡು ಕಟ್ಟಿದರೂ ಹಳೆಯದಕ್ಕೆ ಹಕ್ಕು ಸಿಗಲ್ಲ ಅಂತ ತಡವಾಗಿ ಗೊತ್ತಾಯಿತು. ತುಂಬಾ ಬೇಜಾರಾಯಿತು. ಈಗ ಪ್ಲಾನ್ ತಗೊಂಡು ಹೊಸದಾಗಿ ಮಾಡಿದ್ದನ್ನು ಒಂದು ಸೈಟಿಗೆ ಹಾಕಿದೆ. ಎಐ ಅಂತ ವಾಪಸ್ ಕಳಿಸಿದರು.

ಮುಚ್ಚಿಟ್ಟು ಮಾರೋದು ನನಗೆ ಬೇಡ. ಎಐ ಅಂತ ಹೇಳಿದರೂ ತಗೊಳ್ಳುವ ಸೈಟ್ ಯಾವುದಿದೆ? ಕಿರುಚಿತ್ರ, ಗೇಮ್ ಮಾಡುವವರು ನೇರವಾಗಿ ಕೊಳ್ಳುತ್ತಾರಾ? ಒಂದು ಸದ್ದಿಗೆ ಎಷ್ಟು ಕೇಳಬಹುದು? ಮಾರಿ ಅನುಭವ ಇರುವವರು ದಯವಿಟ್ಟು ತಿಳಿಸಿ.