ಅಪ್ಪನ ರಿವಾಲ್ವರ್‌ಗೆ ಬಿಸ್ಲಿ ಹಿಡಿ ಬೇಕಾ?

ಶನಿವಾರ ಬೆಳಗ್ಗೆ ಭಾವ ಮನೆಯ ಗುಂಪಿಗೆ ಒಂದು ಫೋಟೋ ಹಾಕಿದರು. ರೂಗರ್ ಕಂಪನಿಯ ಸೂಪರ್ ಬ್ಲ್ಯಾಕ್‌ಹಾಕ್ ರಿವಾಲ್ವರ್, ಏಳೂವರೆ ಇಂಚಿನ ಬ್ಯಾರಲ್, ಹಿಡಿ ಮಾತ್ರ ಬಿಸ್ಲಿ, ಅಂದರೆ ಹಿಂಬದಿ ಎತ್ತರವಾಗಿ ನೆಟ್ಟಗಿರುವ ಬೇರೆ ಮಾದರಿಯದು. ಅಪ್ಪ ಬಿಟ್ಟುಹೋದ .44 ಮ್ಯಾಗ್ನಮ್ (ಜೋರಾಗಿ ಒದೆಯುವ ಗುಂಡಿನದು) ಕೂಡ ಅದೇ ಮಾಡೆಲ್, ಹಿಡಿ ಮಾತ್ರ ಕಂಪನಿಯ ಮಾಮೂಲಿಯದು. ಅದು ಇರುವುದು ಅಣ್ಣನ ಹತ್ತಿರ, ಬಳಸುವುದು ನಾವೆಲ್ಲರೂ. ಎರಡು ದಿನ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ.

ಭಾವ: ಮಾವನ ರಿವಾಲ್ವರ್‌ಗೂ ಹೀಗೆ ಮಾಡಿಸೋಣವಾ? ಜಿಂಕೆ ಸೀಸನ್‌ಗೆ ಇನ್ನೂ ಟೈಮ್ ಇದೆ.

ತಮ್ಮ: ಸೂಪರ್ ಭಾವ! ಐದು ಸ್ಕ್ರೂ ಬಿಚ್ಚಿದರೆ ಹಿಡಿ ಕೈಗೆ ಬರುತ್ತೆ. ನಾನೇ ಮಾಡಿಕೊಡ್ತೀನಿ.

ಅಣ್ಣ: ಬೇಡ.

ತಮ್ಮ: ಯಾಕಣ್ಣ?

ಅಣ್ಣ: ಅಪ್ಪ ಅದನ್ನು ಮೂವತ್ತು ವರ್ಷ ಹಾಗೇ ಹೊಡೆದರು. ಕಂಪನಿ 1959ರಲ್ಲಿ ಸೂಪರ್ ಬ್ಲ್ಯಾಕ್‌ಹಾಕ್ ತಂದದ್ದೇ .44 ಮ್ಯಾಗ್ನಮ್‌ನ ಒದೆತ ತಡೆದುಕೊಳ್ಳೋಕೆ. ಹಿಡಿ ಉದ್ದ ಮಾಡಿದರು, ಅಲ್ಯೂಮಿನಿಯಂ ಬದಲು ಉಕ್ಕು ಹಾಕಿದರು. ಒಮ್ಮೆ ಯೋಚನೆ ಮಾಡಿ ಮಾಡಿದ್ದನ್ನು ನಾವು ಮತ್ತೆ ಯಾಕೆ ಬಿಚ್ಚಬೇಕು?

ಭಾವ: ಉದ್ದ ಮಾಡಿದ್ದು ನಿಜ. ಆದರೆ ಟ್ರಿಗರ್ ಗಾರ್ಡ್‌ನ ಹಿಂಬದಿಯನ್ನು ಹಳೆಯ ಕೋಲ್ಟ್ ಡ್ರಗೂನ್ ಥರ ಚೌಕ ಮಾಡಿದರು. ಆ ಮೂಲೆ ಎಲ್ಲಿ ಬಂದು ಬಡಿಯುತ್ತೆ ಅಂತ ನಿನ್ನ ತಮ್ಮಂದಿರನ್ನು ಕೇಳು.

ನಾನು: ನಡುಬೆರಳಿನ ಗೆಣ್ಣಿಗೆ. ಪ್ರತಿ ಸಲವೂ ಅಲ್ಲಿಗೇ.

ಅಣ್ಣ: ನೀನು ಹಿಡಿಯುವ ರೀತಿ ಸರಿ ಇಲ್ಲ. ಸಿಂಗಲ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆ ಎಳೆಯುವ ಗನ್, ಅದನ್ನು ಬಿಗಿಯಾಗಿ ಹಿಚುಕಬಾರದು. ಅದರ ಆಕಾರವೇ ನೇಗಿಲ ಮೇಣಿಯದು. ಗುಂಡು ಹೋದಾಗ ಅದು ಅಂಗೈಯಲ್ಲಿ ಮೇಲಕ್ಕೆ ಉರುಳಬೇಕು. ಉರುಳಿದಾಗ ಒದೆತವೂ ಕಡಿಮೆ ಅನ್ನಿಸುತ್ತೆ, ಹ್ಯಾಮರ್ ತಾನಾಗಿ ಹೆಬ್ಬೆರಳಿನ ಕೆಳಗೆ ಬರುತ್ತೆ. 1873ರ ಕೋಲ್ಟ್‌ನಿಂದ ಇವತ್ತಿನವರೆಗೂ ಹೀಗೇ ನಡೆದು ಬಂದಿದೆ.

ಅಕ್ಕ: ಅವನು ಹೇಳಿದ್ದು ನನ್ನ ಕೈಗೆ ನಿಜ. ಅದರಲ್ಲಿ .44 ಸ್ಪೆಷಲ್, ಆ ಹಗುರ ಗುಂಡು, ಹಾಕಿ ಹೊಡೆದರೆ ಎಷ್ಟು ಹಿತ ಗೊತ್ತಾ? ನಿಮ್ಮ ಭಾವನ ಬಿಸ್ಲಿ ನನಗೆ ದೊಡ್ಡದಾಗುತ್ತೆ. ಬೆರಳು ಸುತ್ತಲೂ ಬರಲ್ಲ.

ಭಾವ: .44 ಸ್ಪೆಷಲ್‌ಗೆ ಯಾವ ಹಿಡಿಯಾದರೂ ನಡೆಯುತ್ತೆ. ಸಮಸ್ಯೆ ಇರುವುದು 240 ಗ್ರೇನ್ ತೂಕದ ಗುಂಡಿನ ಪೂರ್ತಿ ಮ್ಯಾಗ್ನಮ್ ಲೋಡ್‌ನಲ್ಲಿ. ಅಲ್ಲಿ ಅದು ಉರುಳುವುದಿಲ್ಲ, ಜಿಗಿಯುತ್ತೆ. ಬಿಸ್ಲಿಯ ಹಿಂಬದಿ ಪಟ್ಟಿ ಎತ್ತರಕ್ಕೆ, ನೆಟ್ಟಗೆ ಇರುತ್ತೆ. ಅದಕ್ಕೇ ಗನ್ ಮೇಲಕ್ಕೆ ಉರುಳುವ ಬದಲು ನೇರ ಹಿಂದಕ್ಕೆ, ಅಂಗೈಗೆ ಒತ್ತುತ್ತೆ. ಗಾರ್ಡ್ ದುಂಡಗಿದೆ, ಬೆರಳಿಗೂ ಗಾರ್ಡ್‌ಗೂ ನಡುವೆ ಜಾಗ ಇದೆ.

ತಮ್ಮ: ಬಿಸ್ಲಿ ಅಂದರೆ ಯಾರ ಹೆಸರು ಭಾವ?

ಭಾವ: ಊರಿನ ಹೆಸರು. ಇಂಗ್ಲೆಂಡಿನ ಬಿಸ್ಲಿಯಲ್ಲಿ ದೊಡ್ಡ ಗುರಿ ಸ್ಪರ್ಧೆಗಳು ನಡೆಯುತ್ತವೆ. ಕೋಲ್ಟ್ 1894ರಲ್ಲಿ ಆ ಸ್ಪರ್ಧೆಗಳಿಗೆ ಅಂತ ಒಂದು ಮಾಡೆಲ್ ತಂದಿತು. ಆದರೆ ರೂಗರ್‌ನ ಹಿಡಿ ಅದರ ನಕಲು ಅಲ್ಲ. ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ 1929ರಲ್ಲಿ ತಮ್ಮ ನಂಬರ್ 5 ರಿವಾಲ್ವರ್ ಬಗ್ಗೆ ಬರೆದರು. ಅದರಲ್ಲಿ ಕೋಲ್ಟ್ ಬಿಸ್ಲಿಯ ಹಿಂಬದಿ ಪಟ್ಟಿಯನ್ನು ಸಿಂಗಲ್ ಆಕ್ಷನ್ ಆರ್ಮಿಯ, ಅಂದರೆ ಆ 1873ರ ಕೋಲ್ಟ್‌ನ, ಹಿಡಿಯ ಮುಂಭಾಗಕ್ಕೆ ಸೇರಿಸಿದ್ದರು. 1980ರ ದಶಕದಲ್ಲಿ ಬಂದ ರೂಗರ್ ಬಿಸ್ಲಿ ಅದಕ್ಕೆ ಜಾಸ್ತಿ ಹತ್ತಿರ. ಅಂದರೆ ಅಣ್ಣಾ, ಹಿಡಿ ಬದಲಾಯಿಸುವುದು ಇವತ್ತಿನ ಹುಡುಗರ ಶೋಕಿ ಅಲ್ಲ.

ಅಣ್ಣ: ರಬ್ಬರ್ ಹಿಡಿ ಹಾಕಿಕೊಳ್ಳಲಿ. ಪ್ಯಾಕ್‌ಮೇಯರ್ ಕಂಪನಿಯದು ಗಾರ್ಡ್ ಹಿಂದಿನ ಜಾಗ ತುಂಬುತ್ತೆ, ಗೆಣ್ಣಿಗೆ ತಾಗಲ್ಲ. ಒಂದೇ ಸ್ಕ್ರೂ. ಬೇಡ ಅಂದರೆ ಅದೇ ದಿನ ತೆಗೆಯಬಹುದು.

ನಾನು: ಹಾಕಿ ನೋಡಿದೆ ಅಣ್ಣ, ಹೋದ ತಿಂಗಳು. ಗೆಣ್ಣಿನ ನೋವು ಹೋಯಿತು. ಆದರೆ ರಬ್ಬರ್ ಅಂಗೈಗೆ ಅಂಟುತ್ತೆ. ಉರುಳಲೂ ಬಿಡಲ್ಲ, ಒದೆತವನ್ನೂ ಬೇರೆ ಕಡೆ ಕಳಿಸಲ್ಲ. ಈಗ ಹೆಬ್ಬೆರಳಿನ ಬುಡಕ್ಕೆ ಹೊಡೆಯುತ್ತೆ.

ಅಣ್ಣ: ಹಾಗಾದರೆ ಹಗುರ ಲೋಡ್ ಹಾಕು. ಜಿಂಕೆಗೆ ಅಷ್ಟು ದೊಡ್ಡದು ಬೇಕಿಲ್ಲ.

ನಾನು: ಒಂದು ವಿಷಯ ನಿಮಗೆ ಯಾರಿಗೂ ಹೇಳಿಲ್ಲ. ಕಳೆದ ಸೀಸನ್‌ನಲ್ಲಿ ಆ ಗಂಡು ಜಿಂಕೆ ನನಗೆ ಮಾರನೇ ದಿನ ಸಿಕ್ಕಿತು ಅಂದಿದ್ದೆನಲ್ಲ. ಅದು 40 ಗಜ ದೂರದಲ್ಲಿತ್ತು, ಪಕ್ಕಕ್ಕೆ ತಿರುಗಿ ನಿಂತಿತ್ತು. ಅಪ್ಪ ಆಗಿದ್ದರೆ ನಿಂತಲ್ಲೇ ಬೀಳುತ್ತಿತ್ತು. ನಾನು ಟ್ರಿಗರ್ ಒತ್ತುವಾಗ ಬೆಚ್ಚಿದೆ. ಗುಂಡು ಹೊಟ್ಟೆಗೆ ಹೋಯಿತು. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಹುಡುಕಿದೆ. ಬೆಳಗ್ಗೆ ಹಳ್ಳದ ಆಚೆ ಸಿಕ್ಕಿತು. ಎಷ್ಟು ಹೊತ್ತು ನರಳಿತೋ. ಆಮೇಲೆ ರೇಂಜ್‌ಗೆ ಹೋಗಿ ಸಿಲಿಂಡರ್‌ನಲ್ಲಿ ಒಳ್ಳೆ ಗುಂಡು, ಖಾಲಿ ಕೇಸು ಕಲಸಿ ಹಾಕಿ ಹೊಡೆದೆ. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದಾಗಲೆಲ್ಲ ಬ್ಯಾರಲ್ ಕೆಳಕ್ಕೆ ಕುಸಿಯುತ್ತಿತ್ತು. ನನ್ನ ಕೈಗೆ ಆ ಪೆಟ್ಟು ಮೊದಲೇ ಗೊತ್ತಾಗಿ ಹೋಗಿದೆ ಅಣ್ಣ. ಈಗ .44 ಸ್ಪೆಷಲ್ ಹಾಕಿದರೂ ಆ ಹಿಡಿ ಕಂಡ ಕೂಡಲೇ ಬೆಚ್ಚುತ್ತೇನೆ.

ಅಕ್ಕ: ಅಯ್ಯೋ. ಇದನ್ನು ಮೊದಲೇ ಹೇಳಬಾರದಿತ್ತಾ?

ಗುಂಪಿನಲ್ಲಿ ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ.

ಅಣ್ಣ: ನಾಳೆ ಎಲ್ಲರೂ ರೇಂಜ್‌ಗೆ ಬನ್ನಿ. ಭಾವ, ನಿಮ್ಮದನ್ನೂ ತನ್ನಿ. ಒಂದೇ ಡಬ್ಬಿಯ ಗುಂಡು, ಎರಡು ಗನ್.

ಭಾನುವಾರ ಸಂಜೆ ಮತ್ತೆ ಶುರುವಾಯಿತು.

ಅಕ್ಕ: ನನ್ನ ತೀರ್ಪು ಬದಲಾಗಲಿಲ್ಲ. ಬಿಸ್ಲಿ ನನಗೆ ಒಗ್ಗಲ್ಲ. ಅದರ ಅಗಲವಾದ, ತಗ್ಗಿದ ಹ್ಯಾಮರ್ ಮಾತ್ರ ಇಷ್ಟವಾಯಿತು. ಹೆಬ್ಬೆರಳು ಸುಲಭವಾಗಿ ತಲುಪುತ್ತೆ.

ತಮ್ಮ: ನನಗೆ ಎರಡೂ ಓಕೆ.

ಅಣ್ಣ: ನನಗೆ ಹಳೆಯದೇ. ಆದರೆ ಇವನು ಹೊಡೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಖಾಲಿ ಕೇಸು ನಾನೇ ಹಾಕಿ ಕೊಟ್ಟೆ, ಅವನಿಗೆ ಗೊತ್ತಿಲ್ಲದ ಹಾಗೆ. ಅಪ್ಪನ ಗನ್‌ನಲ್ಲಿ ನಾಲ್ಕಕ್ಕೆ ನಾಲ್ಕು ಸಲ ಮೂತಿ ಕುಸಿಯಿತು. ಭಾವನದರಲ್ಲಿ ಮೊದಲ ಸಲ ಕುಸಿಯಿತು, ಆಮೇಲೆ ಇಲ್ಲ.

ತಮ್ಮ: ಹಾಗಾದರೆ ಗ್ರಿಪ್ ಫ್ರೇಮ್, ಅಂದರೆ ಹಿಡಿಯ ಲೋಹದ ಚೌಕಟ್ಟು, ಆರ್ಡರ್ ಮಾಡಲಾ? ಸೀರಿಯಲ್ ನಂಬರ್ ಇರೋದು ಸಿಲಿಂಡರ್ ಕೂರುವ ಬಾಡಿಯ ಮೇಲೆ, ಹಿಡಿಯ ಮೇಲಲ್ಲ. ಪೋಸ್ಟ್‌ನಲ್ಲೇ ಬರುತ್ತೆ.

ಭಾವ: ಹಿಡಿ ಒಂದೇ ಸಾಲದು. ಹಿಂಬದಿ ಎತ್ತರ ಇರುವುದರಿಂದ ಅದಕ್ಕೆ ಬಿಸ್ಲಿ ಹ್ಯಾಮರ್ ಬೇಕು, ಅದರ ಟ್ರಿಗರ್, ಹ್ಯಾಮರ್ ಸ್ಪ್ರಿಂಗ್‌ನ ಕಡ್ಡಿ ಅಂದರೆ ಸ್ಟ್ರಟ್ ಬೇಕು. ಮೊದಲು ಬಾಡಿಯ ಪಕ್ಕ ನೋಡಿ. ಮೂರು ಸ್ಕ್ರೂ ಇದ್ದರೆ ಹಳೆ ಮಾಡೆಲ್, ಎರಡು ಪಿನ್ ಇದ್ದರೆ 1973ರ ನಂತರದ ನ್ಯೂ ಮಾಡೆಲ್. ಬಿಸ್ಲಿ ಭಾಗಗಳು ನ್ಯೂ ಮಾಡೆಲ್‌ಗೆ ಮಾಡಿದ್ದು.

ಅಣ್ಣ: ಎರಡು ಪಿನ್.

ಭಾವ: ಸರಿ ಹಾಗಾದರೆ.

ನಾನು: ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಐದು ಸ್ಕ್ರೂ ಎಲ್ಲ ಒಂದೇ ಉದ್ದ ಅಲ್ಲ. ಹಿಡಿ ಕಳಚುವಾಗ ಪಾಲ್, ಅಂದರೆ ಸಿಲಿಂಡರ್ ತಿರುಗಿಸುವ ಭಾಗ, ಅದನ್ನು ತಳ್ಳುವ ಸಣ್ಣ ಸ್ಪ್ರಿಂಗ್ ಹಾರಿ ಹೋಗಬಹುದು. ಸಿಲಿಂಡರ್ ಲ್ಯಾಚ್‌ನ ಸ್ಪ್ರಿಂಗ್ ಕೆಳಗೆ ಬೀಳುತ್ತೆ. ಅದಕ್ಕಿಂತ ಮುಖ್ಯ, ಹೊಸ ಹ್ಯಾಮರ್, ಹೊಸ ಟ್ರಿಗರ್ ಕೂತ ಮೇಲೆ ಕಾಕ್ ಮಾಡಿದ ಹ್ಯಾಮರ್ ಒತ್ತಿದರೆ ಜಾರಬಾರದು. ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರ್‌ನ ಪೆಟ್ಟನ್ನು ಗುಂಡಿಗೆ ದಾಟಿಸುವ ಟ್ರಾನ್ಸ್‌ಫರ್ ಬಾರ್ ಮೇಲೆ ಕೆಳಗೆ ಸರಾಗವಾಗಿ ಓಡಾಡಬೇಕು. ಆರು ಗುಂಡು ತುಂಬಿ ನಡೆಯುವ ಧೈರ್ಯ ಇರುವುದು ಅದರಿಂದಲೇ. ಗನ್‌ಸ್ಮಿತ್ ಮಾಡಲಿ.

ತಮ್ಮ: ಸರಿ, ನಾನು ಮುಟ್ಟಲ್ಲ.

ಅಣ್ಣ: ಒಪ್ಪಿದೆ. ಆದರೆ ಒಂದು ಮಾತು ಗನ್‌ಸ್ಮಿತ್‌ಗೆ ನಾನೇ ಹೇಳುತ್ತೇನೆ. ಕಾರ್ಖಾನೆಯಲ್ಲಿ ಬಾಡಿ, ಹಿಡಿ ಜೋಡಿಸಿಯೇ ಉಜ್ಜುತ್ತಾರೆ. ಬೇರೆ ಹಿಡಿ ಹಾಕಿದರೆ ಅಂಚು ಕೂಡಿಕೊಳ್ಳಲ್ಲ. ಹೊಸ ಹಿಡಿ ಎಲ್ಲಿ ಉಬ್ಬುತ್ತೋ ಅಲ್ಲಿ ಅದನ್ನೇ ಉಜ್ಜಲಿ. ಬಾಡಿ ಉಬ್ಬಿದ ಕಡೆ ಹಾಗೇ ಬಿಡಲಿ.

ಭಾವ: ಮೆಟ್ಟಿಲು ಥರ ಕಾಣುತ್ತೆ. ಉಗುರಿಗೂ ತಾಗುತ್ತೆ.

ಅಣ್ಣ: ತಾಗಲಿ. ಅಪ್ಪನ ಬಾಡಿಗೆ ಅರ ಹಾಕಬಾರದು. ಆ ನೀಲಿ ಬಣ್ಣ ಸವೆದಿರುವುದು ಅವರ ಹೋಲ್‌ಸ್ಟರ್‌ನಿಂದ.

ಅಕ್ಕ: ಹಳೆ ಹಿಡಿ, ಹ್ಯಾಮರ್, ಟ್ರಿಗರ್, ಸ್ಕ್ರೂ ಎಲ್ಲ ವಾಪಸ್ ಬೇಕು ಅಂತಲೂ ಹೇಳು. ನನ್ನ ಸರದಿ ಬಂದಾಗ ನಾನು ಹಳೆಯದನ್ನೇ ಹಾಕಿಸಿಕೊಳ್ಳುತ್ತೇನೆ.

ಭಾವ: ಪ್ರತಿ ವರ್ಷ ಬಿಚ್ಚಿ ಹಾಕೋದು ಒಳ್ಳೇದಲ್ಲ. ನೀನು ನನ್ನ ಇನ್ನೊಂದು ಬ್ಲ್ಯಾಕ್‌ಹಾಕ್ ತಗೋ. ಅದರ ಹಿಡಿ ಚಿಕ್ಕದು, ನಿನ್ನ ಕೈಗೆ ಸರಿ ಹೋಗುತ್ತೆ.

ಅಕ್ಕ: ಅದು ಅಪ್ಪನದಲ್ಲವಲ್ಲ.

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ರಾತ್ರಿ ಹತ್ತಕ್ಕೆ ಅಣ್ಣ ಒಂದು ಫೋಟೋ ಕಳಿಸಿದ. ಅಪ್ಪನ ವಾಲ್‌ನಟ್ ಹಿಡಿಯ ಎರಡು ಹಲಗೆ, ಎಣ್ಣೆ ಒರೆಸಿ ಹಳೆ ಬಟ್ಟೆಯ ಮೇಲೆ ಇಟ್ಟಿದ್ದ. ಬಲಗಡೆಯದರಲ್ಲಿ ಹೆಬ್ಬೆರಳು ಕೂರುವ ಜಾಗ ಸವೆದು ನುಣುಪಾಗಿತ್ತು.

ಅಣ್ಣ: ಅಕ್ಕ, ಇದು ನಿನ್ನ ಹತ್ತಿರ ಇರಲಿ. ನಾಳೆ ತಂದುಕೊಡುತ್ತೇನೆ.